ಊರು ತುಂಬ ಪಾರಿವಾಳ. ಬಂಡೆಯ ಹಕ್ಕಿ ಎಲ್ಲಿ?

ಬಸ್ ನಿಲ್ದಾಣದ ಸೂರು, ರೈಲು ನಿಲ್ದಾಣದ ಕಬ್ಬಿಣದ ತೊಲೆ, ದೇವಸ್ಥಾನದ ಗೋಪುರ, ಮಸೀದಿಯ ಮಿನಾರು, ಸರ್ಕಾರಿ ಕಚೇರಿಯ ಕಿಟಕಿ, ಬಹುಮಹಡಿ ಕಟ್ಟಡದ ಬಾಲ್ಕನಿ. ಪಾರಿವಾಳವಿಲ್ಲದ ಜಾಗ ಯಾವುದು? ಹಕ್ಕಿಗಳ ಹೆಸರು ಹೇಳು ಎಂದರೆ ಪೇಟೆಯ ಮಗು ಕಾಗೆಯ ನಂತರ ಹೇಳುವುದು ಇದರ ಹೆಸರನ್ನೇ. ಕೆಲವರಿಗೆ ಅದು ಕಾಳು ಹಾಕಿ ಪುಣ್ಯ ಕಟ್ಟಿಕೊಳ್ಳುವ ಹಕ್ಕಿ. ಇನ್ನು ಕೆಲವರಿಗೆ ಬಾಲ್ಕನಿಗೆ ಬಲೆ ಕಟ್ಟಿಸುವ ಖರ್ಚು ತಂದ ಹಕ್ಕಿ.

ಇಷ್ಟು ಸಾಮಾನ್ಯವಾದ ಹಕ್ಕಿಗೆ ಸಂರಕ್ಷಣೆಯ ಮಾತು ಏಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ದಿನವೂ ಕಾಣುವ ಪಾರಿವಾಳಗಳಲ್ಲಿ ಹೆಚ್ಚಿನವು ನಿಜವಾದ ಅರ್ಥದಲ್ಲಿ ಕಾಡು ಹಕ್ಕಿಗಳಲ್ಲ. ಮನುಷ್ಯ ಸಾವಿರಾರು ವರ್ಷಗಳ ಕಾಲ ಸಾಕಿ, ತಳಿ ಮಾಡಿ, ನಂತರ ಕೈಬಿಟ್ಟ ಪಾರಿವಾಳಗಳ ಸಂತತಿ ಅದು. ಅದರ ಮೂಲವಾದ ಕಾಡು ಪಾರಿವಾಳ ಬೇರೆಯೇ ಇದೆ. ಅದು ಬಂಡೆಗಳ ಹಕ್ಕಿ. ಊರಿನ ಪಾರಿವಾಳ ಹೆಚ್ಚಿದಷ್ಟೂ ಈ ಬಂಡೆಯ ಪಾರಿವಾಳದ ಕುಲ ಕರಗುತ್ತಿದೆ. ಒಂದೇ ಹಕ್ಕಿ ಒಂದು ಕಡೆ ಉಕ್ಕಿ ಹರಿಯುತ್ತಾ ಇನ್ನೊಂದು ಕಡೆ ಬತ್ತುವುದು ಹೇಗೆ? ಇದಕ್ಕೆ ಉತ್ತರ ಸಿಗಬೇಕಾದರೆ ಅದರ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು.

ತವರು ಬಂಡೆಗಲ್ಲು

ಪಾರಿವಾಳದ ವೈಜ್ಞಾನಿಕ ಹೆಸರು ‘ಕೊಲಂಬಾ ಲಿವಿಯಾ’. 1789ರಲ್ಲಿ ಜರ್ಮನಿಯ ನಿಸರ್ಗ ವಿಜ್ಞಾನಿ ಗ್ಮೆಲಿನ್ ಕೊಟ್ಟ ಹೆಸರಿದು. ಇಂಗ್ಲಿಷಿನಲ್ಲಿ ಇದನ್ನು ‘ಬ್ಲೂ ರಾಕ್ ಪಿಜನ್’, ಅಂದರೆ ನೀಲಿ ಬಂಡೆ ಪಾರಿವಾಳ ಎನ್ನುತ್ತಾರೆ. ಅದು ಇರುವ ಜಾಗ ಯಾವುದೆಂಬುದನ್ನು ಹೆಸರೇ ಹೇಳುತ್ತದೆ. ಸಮುದ್ರ ದಂಡೆಯ ಕಡಿದಾದ ಬಂಡೆ, ಒಳನಾಡಿನ ಕಣಿವೆಗಳ ಕಲ್ಲುಗೋಡೆ, ಗುಹೆಯ ಬಾಯಿ, ಬಿರುಕು, ಚಾಚು- ಇವೇ ಅದರ ಸಹಜ ನೆಲೆ. ಸಾಮಾನ್ಯವಾಗಿ ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಕಲ್ಲಿನ ಚಾಚಿನ ಮೇಲೆ ನಾಲ್ಕಾರು ಕಡ್ಡಿಗಳನ್ನು ಅಸ್ತವ್ಯಸ್ತವಾಗಿ ಸೇರಿಸಿ ಎರಡು ಬಿಳಿ ಮೊಟ್ಟೆ ಇಟ್ಟರೆ ಅದರ ಸಂಸಾರ ಶುರುವಾದಂತೆ. ಬೆಳಿಗ್ಗೆ ಬಂಡೆಯಿಂದ ಹೊರಟು ಬಯಲಿನ ಹೊಲಗಳಲ್ಲಿ ಕಾಳು ಆರಿಸುವುದು, ಸಂಜೆಗೆ ಬಂಡೆಗೆ ಮರಳುವುದು, ಇದು ಅದರ ದಿನಚರಿ.

ಮನುಷ್ಯ ಬೇರೆಡೆಗೆ ಒಯ್ಯುವ ಮುನ್ನ ಈ ಹಕ್ಕಿಯ ವಾಸ್ತವ್ಯ ಯೂರೋಪಿನ ಪಶ್ಚಿಮ ಮತ್ತು ದಕ್ಷಿಣ ಭಾಗ, ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ ಹಾಗೂ ನಮ್ಮ ಉಪಖಂಡದಲ್ಲಿತ್ತು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದು ಇರಲೇ ಇಲ್ಲ. ಈ ವಿಶಾಲ ಪ್ರದೇಶದಲ್ಲಿ ಇದಕ್ಕೆ ಹಲವು ಉಪಜಾತಿಗಳಿವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವುದು ‘ಇಂಟರ್‌ಮೀಡಿಯಾ’ ಎಂಬ ಉಪಜಾತಿ. 1844ರಲ್ಲಿ ಸ್ಟ್ರಿಕ್‌ಲೆಂಡ್ ಎಂಬ ಪಕ್ಷಿ ಶಾಸ್ತ್ರಜ್ಞ ಇದನ್ನು ಗುರುತಿಸಿದ.

ಕಾಡು ಪಾರಿವಾಳವನ್ನು ಗುರುತಿಸುವುದು ಕಷ್ಟವಲ್ಲ. ಸುಮಾರು 33 ಸೆಂಟಿಮೀಟರ್ ಉದ್ದದ ಬೂದು ನೀಲಿ ಮೈ, ಕತ್ತಿನಲ್ಲಿ ಹಸಿರು ಮತ್ತು ನೇರಳೆ ಹೊಳಪು, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ, ಬಾಲದ ತುದಿಯಲ್ಲಿ ಒಂದು ಕಪ್ಪು ಪಟ್ಟಿ. ಯೂರೋಪಿನ ಹಕ್ಕಿಗೆ ಬಾಲದ ಬುಡದ ಮೇಲ್ಭಾಗ ಬಿಳಿ. ನಮ್ಮ ಕಡೆಯದಕ್ಕೆ ಅದೂ ಬೂದು ನೀಲಿಯೇ. ಹಿಂಡಿನ ಎಲ್ಲ ಹಕ್ಕಿಗಳೂ ಅಚ್ಚಿನಲ್ಲಿ ಎರೆದಂತೆ ಒಂದೇ ತೆರನಾಗಿರುವುದು ಕಾಡು ಹಿಂಡಿನ ಲಕ್ಷಣ. ಊರಿನ ಹಿಂಡಿನಲ್ಲಾದರೋ ಕಪ್ಪು, ಬಿಳಿ, ಕಂದು, ಚುಕ್ಕೆ, ಮಚ್ಚೆ ಎಲ್ಲವೂ ಇರುತ್ತವೆ.

ಕರ್ನಾಟಕದಲ್ಲಿ ಇಂಥ ಹಕ್ಕಿಗೆ ಒಗ್ಗುವ ಜಾಗಗಳಿಗೆ ಕೊರತೆಯಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು, ಬಳ್ಳಾರಿ, ಚಿತ್ರದುರ್ಗಗಳ ಹೆಬ್ಬಂಡೆಗಳು, ಶರಾವತಿ ಧುಮುಕುವ ಜೋಗದ ಕಮರಿ- ಎಲ್ಲವೂ ಬಂಡೆಯ ನಾಡೇ. ಮುರ್ಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಇಂಗ್ಲಿಷರು ಇಟ್ಟ ಹೆಸರೇ ‘ಪಿಜನ್ ಐಲೆಂಡ್’, ಪಾರಿವಾಳಗಳ ದ್ವೀಪ.

ಬಯಲುಸೀಮೆಯ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಮನೆ ಇತ್ತು. ಅದು ಕಲ್ಲು ಕಟ್ಟಿದ ತೆರೆದ ಬಾವಿ. ಬಾವಿಯ ಒಳಗೋಡೆಯ ಸಂದುಗಳು ಪಾರಿವಾಳಕ್ಕೆ ತಲೆಕೆಳಗಾದ ಬಂಡೆಗೋಡೆಯಿದ್ದಂತೆ. ತಂಪು, ನೀರು, ರಕ್ಷಣೆ ಮೂರೂ ಅಲ್ಲೇ. ಮಧ್ಯಾಹ್ನ ಬಾವಿಯೊಳಕ್ಕೆ ಬಗ್ಗಿ ನೋಡಿದರೆ ಪಟಪಟನೆ ರೆಕ್ಕೆ ಬಡಿದು ಮೇಲೇಳುವ ಹಿಂಡು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಕೊಳವೆ ಬಾವಿ ಬಂದು, ಅಂತರ್ಜಲ ಇಳಿದು, ತೆರೆದ ಬಾವಿಗಳು ಬತ್ತಿ ಮುಚ್ಚಿಹೋದಲ್ಲಿ ಈ ಮನೆಗಳೂ ಹೋದವು.

ಆಹಾರದಿಂದ ಸಾಕುಹಕ್ಕಿಗೆ

ಮನುಷ್ಯನಿಗೂ ಪಾರಿವಾಳಕ್ಕೂ ಇರುವ ನಂಟು ಮೊದಲು ಶುರುವಾದದ್ದು ಹೊಟ್ಟೆಯ ಮೂಲಕ. ಸ್ಪೇನಿನ ದಕ್ಷಿಣ ತುದಿಗೆ ಅಂಟಿಕೊಂಡ ಜಿಬ್ರಾಲ್ಟರ್‌ನ ಗೋರ್‌ಹ್ಯಾಮ್ ಗುಹೆಯಲ್ಲಿ ಸಿಕ್ಕಿದ ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2014ರಲ್ಲಿ ಒಂದು ವರದಿ ಪ್ರಕಟಿಸಿದರು. ಸುಮಾರು 67 ಸಾವಿರ ವರ್ಷಗಳ ಹಿಂದೆಯೇ ನಿಯಾಂಡರ್ತಲ್ ಮಾನವರು ಬಂಡೆ ಪಾರಿವಾಳವನ್ನು ಹಿಡಿದು ತಿನ್ನುತ್ತಿದ್ದರೆಂದು ಎಲುಬಿನ ಮೇಲಿನ ಕೊಯ್ತದ, ಸುಟ್ಟ ಹಾಗೂ ಹಲ್ಲಿನ ಗುರುತುಗಳು ತೋರಿಸಿಕೊಟ್ಟವು.

ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾದಾಗ ನಂಟಿನ ಸ್ವರೂಪ ಬದಲಾಯಿತು. ಹೊಲದ ಕಾಳು ಹುಡುಕಿ ಹಕ್ಕಿ ಊರ ಬಳಿಗೆ ಬಂತು. ಕಲ್ಲು, ಮಣ್ಣಿನ ಗೋಡೆಗಳಲ್ಲಿ ಅದಕ್ಕೆ ಬಂಡೆಯ ಬಿರುಕಿನಂಥ ಜಾಗವೂ ದೊರೆಯಿತು. ಅದನ್ನು ಓಡಿಸುವ ಬದಲು ಗೂಡು ಕಟ್ಟಿ ಉಳಿಸಿಕೊಂಡರೆ ವರ್ಷವಿಡೀ ಎಳೆ ಮರಿಗಳ ಮಾಂಸ ಸಿಗುತ್ತದೆಂಬ ಲೆಕ್ಕ ಮನುಷ್ಯನಿಗೆ ಹೊಳೆಯಿತು. ಕನಿಷ್ಠ 5 ಸಾವಿರ ವರ್ಷಗಳಿಂದ ಪಾರಿವಾಳ ಸಾಕುಹಕ್ಕಿಯಾಗಿದೆ. ಕಟ್ಟಿಹಾಕದೆ, ಪಂಜರದಲ್ಲಿಡದೆ, ಬೆಳಿಗ್ಗೆ ಹಾರಲು ಬಿಟ್ಟು ಸಂಜೆಗೆ ತಾನಾಗಿ ಮರಳುವಂತೆ ಸಾಕಬಹುದಾದ ಹಕ್ಕಿ ಬೇರೆ ಯಾವುದಿದೆ?

ಮಾಂಸವಷ್ಟೇ ಅಲ್ಲ, ಹಿಕ್ಕೆಯೂ ಆ ಕಾಲದಲ್ಲಿ ಸಂಪತ್ತು. ಇರಾನಿನ ಇಸ್ಫಹಾನ್ ನಗರದ ಸುತ್ತ ಸಫಾವಿದ್ ಅರಸರ ಕಾಲದ ಮಣ್ಣಿನ ಗೋಪುರಗಳು ಇಂದಿಗೂ ಉಳಿದಿವೆ. ಕೋಟೆಯ ಬುರುಜಿನಂತೆ ಕಾಣುವ ಅವುಗಳ ಒಳಗೋಡೆಯ ತುಂಬ ಪಾರಿವಾಳಕ್ಕೆಂದೇ ಕೊರೆದ ಗೂಡುಗಳು. ಅಲ್ಲಿ ಶೇಖರವಾಗುತ್ತಿದ್ದ ಹಿಕ್ಕೆ ಕರಬೂಜದ ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಇಂದು ನಾವು ತಲೆನೋವೆಂದು ತಿಳಿಯುವ ವಸ್ತುವನ್ನು ಕೂಡಿಡಲು ಅಂದಿನವರು ಗೋಪುರ ಕಟ್ಟಿದ್ದರು!

ನಮ್ಮಲ್ಲಿ ಪಾರಿವಾಳಕ್ಕೆ ಬೇರೆ ಗೌರವವೂ ಇತ್ತು. ಗಿಡುಗಕ್ಕೆ ಹೆದರಿ ತೊಡೆಯ ಮೇಲೆ ಬಂದು ಬಿದ್ದ ಪಾರಿವಾಳಕ್ಕಾಗಿ ತನ್ನ ಮಾಂಸವನ್ನೇ ಕೊಯ್ದು ತೂಗಿದ ಶಿಬಿ ಚಕ್ರವರ್ತಿಯ ಕಥೆ ಮಹಾಭಾರತದಲ್ಲೂ ಇದೆ, ಬೌದ್ಧರ ಕಥೆಗಳಲ್ಲೂ ಇದೆ. ಶರಣು ಬಂದ ಹಕ್ಕಿಗೆ ಕಾಳು ಹಾಕುವುದು ಪುಣ್ಯವೆಂಬ ನಂಬಿಕೆಯ ಬೇರು ಬಹಳ ಆಳದ್ದು.

ಅಕ್ಬರನ ಹವ್ಯಾಸ

ಪಾರಿವಾಳ ಸಾಕಣೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಮೊಗಲ್ ಚಕ್ರವರ್ತಿ ಅಕ್ಬರ್ ಪ್ರಮುಖ. ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಇದರ ವಿವರ ಕೊಡುತ್ತಾನೆ. ಅರಮನೆಯಲ್ಲಿ 20 ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವು. ಅವುಗಳಲ್ಲಿ 500 ಚಕ್ರವರ್ತಿಯ ಸ್ವಂತಕ್ಕೆ ಆರಿಸಿಟ್ಟ ಉತ್ತಮ ಹಕ್ಕಿಗಳು. ಪಾರಿವಾಳ ಹಾರಿಸುವ ಆಟಕ್ಕೆ ಆಸ್ಥಾನದಲ್ಲಿದ್ದ ಹೆಸರು ‘ಇಷ್ಕ್‌ಬಾಜಿ’, ಅಂದರೆ ಪ್ರೇಮದಾಟ. ದಂಡು ಹೊರಟರೆ ಗೂಡುಗಳೂ ಆಳುಗಳ ಹೆಗಲೇರಿ ಜತೆಗೆ ಸಾಗುತ್ತಿದ್ದವು. ಇರಾನ್, ತುರಾನ್‌ಗಳ ಅರಸರು ಅಪರೂಪದ ಪಾರಿವಾಳಗಳನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದರು. ಬೇರೆ ಬೇರೆ ತಳಿಗಳನ್ನು ಕೂಡಿಸಿ ಹೊಸ ಗುಣ ತರುವುದರಲ್ಲಿ ಅಕ್ಬರನಿಗೆ ವಿಶೇಷ ಆಸಕ್ತಿ.

ಈ ಹವ್ಯಾಸ ಹಳೆಯ ದೆಹಲಿ, ಲಖನೌ, ಹೈದರಾಬಾದುಗಳ ಮಾಳಿಗೆಗಳಿಗೆ ಹರಡಿತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲೂ ಸಂಜೆ ಮಾಳಿಗೆಯಿಂದ ಪಾರಿವಾಳ ಹಾರಿಸುವವರು ಈಗಲೂ ಇದ್ದಾರೆ. ಎತ್ತರಕ್ಕೆ ಹಾರುವುದು, ಗಿರಕಿ ಹೊಡೆಯುವುದು, ಬಾಲವನ್ನು ಬೀಸಣಿಗೆಯಂತೆ ಬಿಚ್ಚುವುದು, ದೂರದಿಂದ ಮನೆಗೆ ಮರಳುವುದು- ಹೀಗೆ ಒಂದೊಂದು ಗುಣಕ್ಕೆ ಒಂದೊಂದು ತಳಿ ರೂಪುಗೊಂಡಿತು. ಇವೆಲ್ಲದರ ತಾಯಿಬೇರು ಒಂದೇ ಬಂಡೆಯ ಪಾರಿವಾಳ ಎಂಬುದು ಆಗ ಖಚಿತವಾಗಿ ಗೊತ್ತಿರಲಿಲ್ಲ. ಅದನ್ನು ಸಾಧಿಸಿ ತೋರಿಸಲು ಇಂಗ್ಲೆಂಡಿನ ಒಬ್ಬ ವಿಜ್ಞಾನಿ ಬರಬೇಕಾಯಿತು. ಆ ಕೆಲಸದಲ್ಲಿ ಕನ್ನಡ ನಾಡಿನಲ್ಲಿ ದುಡಿದ ಅಧಿಕಾರಿಯೊಬ್ಬನ ಪಾಲೂ ಇತ್ತು.

ಕಿತ್ತೂರಿನ ಸೆರೆಯಾಳು, ಡಾರ್ವಿನ್ನನ ಸಹಾಯಕ

1824ರ ಅಕ್ಟೋಬರ್ 23ರಂದು ಕಿತ್ತೂರು ರಾಣಿ ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯ ದಂಡನ್ನು ಸೋಲಿಸಿ ಅವನನ್ನು ಕೊಂದದ್ದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಅಂದು ಥ್ಯಾಕರೆಯ ಇಬ್ಬರು ಸಹಾಯಕರು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಆಗಿನ್ನೂ ಇಪ್ಪತ್ತರ ಹರೆಯದ ವಾಲ್ಟರ್ ಎಲಿಯಟ್.

ಸೆರೆಯಿಂದ ಬಿಡುಗಡೆಯಾದ ಎಲಿಯಟ್ ಧಾರವಾಡ ಸೀಮೆಯಲ್ಲೇ ಹಲವು ವರ್ಷ ಕೆಲಸ ಮಾಡಿದ. ಕನ್ನಡ ಕಲಿತು, ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ. ಇತಿಹಾಸಕಾರರು ಅವನನ್ನು ನೆನೆಯುವುದು ಈ ಕಾರಣಕ್ಕೆ. ಆದರೆ ಅವನಿಗೆ ಪ್ರಾಣಿ ಪಕ್ಷಿಗಳಲ್ಲೂ ಅಷ್ಟೇ ಆಸಕ್ತಿಯಿತ್ತು. ಈ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಅವನು 1839ರಲ್ಲಿ ಪ್ರಕಟಿಸಿದ.

ಮುಂದೆ ಎಲಿಯಟ್ ಮದರಾಸಿನಲ್ಲಿ ಹಿರಿಯ ಅಧಿಕಾರಿಯಾಗಿದ್ದಾಗ, 1856ರಲ್ಲಿ, ಅವನಿಗೊಂದು ಪತ್ರ ಬಂತು. ಬರೆದವನು ಚಾರ್ಲ್ಸ್ ಡಾರ್ವಿನ್. ಆಗ ಡಾರ್ವಿನ್ ತನ್ನ ಮನೆಯಲ್ಲೇ ಬಗೆಬಗೆಯ ಪಾರಿವಾಳ ಸಾಕಿ, ಅವನ್ನು ಕೂಡಿಸಿ, ಅಳೆದು, ಎಲುಬು ತೂಗಿ ನೋಡುತ್ತಿದ್ದ. ಲಂಡನ್ನಿನ ಎರಡು ಪಾರಿವಾಳ ಪ್ರಿಯರ ಸಂಘಗಳಿಗೂ ಸದಸ್ಯನಾಗಿದ್ದ. ಭಾರತದ ಸಾಕು ಪಾರಿವಾಳಗಳ ಒಣಗಿಸಿದ ತೊಗಲುಗಳು ಬೇಕೆಂಬುದು ಅವನ ಕೋರಿಕೆ. ಎಲಿಯಟ್ ತೊಗಲುಗಳನ್ನು ಕಳುಹಿಸಿದ. ಪಾರಿವಾಳ ಸಾಕಣೆಯ ಬಗ್ಗೆ ಭಾರತದಲ್ಲಿ ರಚಿತವಾಗಿದ್ದ ಹಳೆಯ ಗ್ರಂಥವೊಂದರ ಅನುವಾದವನ್ನೂ ಒದಗಿಸಿದ. 1859ರಲ್ಲಿ ಹೊರಬಂದ ‘ಜೀವಿಗಳ ಉಗಮ’ ಕುರಿತ ಗ್ರಂಥದ ಮೊದಲ ಅಧ್ಯಾಯದಲ್ಲೇ ಡಾರ್ವಿನ್ ಎಲಿಯಟ್ಟನ ಹೆಸರು ಹೇಳಿ ಉಪಕಾರ ಸ್ಮರಿಸಿದ್ದಾನೆ. ಅಕ್ಬರನ 20 ಸಾವಿರ ಪಾರಿವಾಳಗಳ ಪ್ರಸ್ತಾಪವೂ ಅದೇ ಅಧ್ಯಾಯದಲ್ಲಿದೆ.

ಡಾರ್ವಿನ್ ಕಂಡುಕೊಂಡದ್ದೇನು? ಬೀಸಣಿಗೆ ಬಾಲದ ಪಾರಿವಾಳ, ಕೊರಳು ಉಬ್ಬಿಸುವ ಪಾರಿವಾಳ, ಲಾಗ ಹಾಕುವ ಪಾರಿವಾಳಗಳನ್ನು ಒಟ್ಟಿಗೆ ಇಟ್ಟರೆ ಯಾವ ಪಕ್ಷಿ ತಜ್ಞನಾದರೂ ಇವು ಬೇರೆ ಬೇರೆ ಜಾತಿ ಎಂದೇ ಹೇಳುತ್ತಾನೆ. ಆದರೆ ಕಪ್ಪು, ಬಿಳಿ ತಳಿಗಳನ್ನು ಒಂದರೊಡನೊಂದು ಕೂಡಿಸುತ್ತಾ ಹೋದಾಗ ಮೊಮ್ಮರಿಗಳಲ್ಲಿ ಇದ್ದಕ್ಕಿದ್ದಂತೆ ನೀಲಿ ಮೈ, ರೆಕ್ಕೆಯಲ್ಲಿ ಎರಡು ಕಪ್ಪು ಪಟ್ಟಿಯ ಹಕ್ಕಿ ಕಾಣಿಸಿಕೊಂಡಿತು. ಮುತ್ತಜ್ಜನ ಮುಖ ಮರಿಮಗನಲ್ಲಿ ಮೂಡಿದಂತೆ! ಎಲ್ಲ ತಳಿಗಳೂ ಒಂದೇ ಬಂಡೆ ಪಾರಿವಾಳದಿಂದ ಬಂದವು ಎಂಬ ತೀರ್ಮಾನಕ್ಕೆ ಅವನು ಬಂದ. ಮನುಷ್ಯ ಕೆಲವೇ ಸಾವಿರ ವರ್ಷಗಳಲ್ಲಿ ಆರಿಸಿ ಆರಿಸಿ ಇಷ್ಟು ಬದಲಾವಣೆ ತರುವುದಾದರೆ, ನಿಸರ್ಗ ಕೋಟ್ಯಂತರ ವರ್ಷಗಳಲ್ಲಿ ಏನು ತರಲಾರದು? ಅವನ ವಾದದ ಮೊದಲ ಮೆಟ್ಟಿಲು ಇದೇ. ಹಸ್ತಪ್ರತಿ ಓದಿದ ಒಬ್ಬರು ಉಳಿದದ್ದನ್ನೆಲ್ಲ ಬಿಟ್ಟು ಪಾರಿವಾಳದ ಬಗ್ಗೆಯೇ ಪುಸ್ತಕ ಬರೆದರೆ ಚೆನ್ನಾಗಿ ಮಾರಾಟವಾದೀತು ಎಂದು ಪ್ರಕಾಶಕರಿಗೆ ಸಲಹೆ ಕೊಟ್ಟಿದ್ದರಂತೆ!

ಸುದ್ದಿ ಹೊತ್ತ ರೆಕ್ಕೆಗಳು

ಎಲ್ಲಿ ಬಿಟ್ಟರೂ ಮನೆಗೆ ಮರಳುವ ಗುಣ ಪಾರಿವಾಳವನ್ನು ಓಲೆಕಾರನನ್ನಾಗಿ ಮಾಡಿತು. ‘ರಾಯಿಟರ್ಸ್’ ಸುದ್ದಿಸಂಸ್ಥೆಯ ಸ್ಥಾಪಕ ಪಾಲ್ ಜೂಲಿಯಸ್ ರಾಯಿಟರ್ 1850ರಲ್ಲಿ ಜರ್ಮನಿಯ ಆಖೆನ್ ಮತ್ತು ಬೆಲ್ಜಿಯಮ್ಮಿನ ಬ್ರಸೆಲ್ಸ್ ನಡುವೆ ತಂತಿ ಸಂಪರ್ಕವಿಲ್ಲದ ಕಡೆ ಷೇರುಪೇಟೆಯ ದರಗಳನ್ನು ಸಾಗಿಸಿದ್ದು ಪಾರಿವಾಳಗಳ ಮೂಲಕ. 1870-71ರಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿದಾಗ ಬಲೂನಿನಲ್ಲಿ ಹೊರಹೋದ ಪಾರಿವಾಳಗಳು ಸಾವಿರಾರು ಸಂದೇಶಗಳ ಕಿರುಚಿತ್ರಗಳನ್ನು ಹೊತ್ತು ಮರಳಿದವು. ಎರಡನೆಯ ಮಹಾಯುದ್ಧದಲ್ಲಿ ಪ್ರಾಣಿಗಳ ಶೌರ್ಯಕ್ಕೆಂದು ಬ್ರಿಟನ್ನಿನಲ್ಲಿ ಸ್ಥಾಪಿಸಿದ ಡಿಕಿನ್ ಪದಕವನ್ನು 1943ರಲ್ಲಿ ಮೊದಲು ಪಡೆದದ್ದು ಮೂರು ಪಾರಿವಾಳಗಳು.

ನಮ್ಮ ದೇಶದಲ್ಲಿ ಈ ಸೇವೆ ಬಹುಕಾಲ ಉಳಿದದ್ದು ಒಡಿಶಾ ಪೊಲೀಸ್ ಇಲಾಖೆಯಲ್ಲಿ. 1946ರಲ್ಲಿ ಸೇನೆ ಕೊಟ್ಟ ಪಾರಿವಾಳಗಳಿಂದ ಗುಡ್ಡಗಾಡು ಜಿಲ್ಲೆ ಕೋರಾಪುಟ್‌ನಲ್ಲಿ ಅದು ಶುರುವಾಯಿತು. 1948ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಸಂಬಲ್‌ಪುರದಿಂದ ಕಟಕ್‌ಗೆ ಪಾರಿವಾಳದ ಮೂಲಕವೇ ಸಂದೇಶ ಕಳುಹಿಸಿದ್ದರು. 1999ರ ಮಹಾ ಚಂಡಮಾರುತದಲ್ಲಿ ದೂರವಾಣಿ, ವೈರ್‌ಲೆಸ್ ಎಲ್ಲವೂ ಕೈಕೊಟ್ಟಾಗ ನೆರವಿಗೆ ಬಂದದ್ದು ಈ ಹಕ್ಕಿಗಳೇ. ಮೊಬೈಲು, ಅಂತರಜಾಲ ಬಂದ ಮೇಲೆ ಅವುಗಳಿಗೆ ನಿವೃತ್ತಿ. ಪರಂಪರೆಯ ನೆನಪಿಗೆಂದು ಸಾಕುವುದಷ್ಟೇ ಈಗ ಉಳಿದಿರುವುದು.

ಕೈಬಿಟ್ಟ ಹಕ್ಕಿ, ಕಟ್ಟಿದ ಬಂಡೆ

ಕೋಳಿ ಅಗ್ಗವಾಯಿತು, ಮಾಂಸಕ್ಕೆ ಪಾರಿವಾಳ ಬೇಡವಾಯಿತು. ರಾಸಾಯನಿಕ ಗೊಬ್ಬರ ಬಂತು, ಹಿಕ್ಕೆ ಬೇಡವಾಯಿತು. ತಂತಿ, ದೂರವಾಣಿ ಬಂದು ಓಲೆಗೂ ಬೇಡವಾಯಿತು. ಸಾಕಿದವರ ಗೂಡಿನಿಂದ ತಪ್ಪಿಸಿಕೊಂಡವು, ಪಂದ್ಯದಲ್ಲಿ ದಾರಿ ತಪ್ಪಿದವು, ಬೇಡವಾಗಿ ಬಿಟ್ಟವು ಎಲ್ಲ ಸೇರಿ ಊರಿನಲ್ಲೇ ನೆಲೆ ನಿಂತವು. ವಲಸೆ ಹೋದ ಯೂರೋಪಿನವರು ತಮ್ಮ ಸಾಕು ಪಾರಿವಾಳಗಳನ್ನು 17ನೇ ಶತಮಾನದ ಆರಂಭದಲ್ಲೇ ಉತ್ತರ ಅಮೆರಿಕಕ್ಕೆ ಒಯ್ದಿದ್ದರು. ಅಲ್ಲೂ ಇದೇ ಕಥೆ. ಇಂದು ಅಂಟಾರ್ಕ್‌ಟಿಕವೊಂದನ್ನು ಬಿಟ್ಟರೆ ಪಾರಿವಾಳ ಕಾಲಿಡದ ಖಂಡವಿಲ್ಲ.

ನಗರ ಅದಕ್ಕೆ ಪರಕೀಯ ಎನಿಸಲಿಲ್ಲ. ನಮ್ಮ ಕಣ್ಣಿಗೆ ಅದು ಬಹುಮಹಡಿ ಕಟ್ಟಡ. ಪಾರಿವಾಳದ ಕಣ್ಣಿಗೆ ಚಾಚು, ಬಿರುಕುಗಳಿರುವ ಎತ್ತರದ ಬಂಡೆ. ಹವಾನಿಯಂತ್ರಣ ಯಂತ್ರದ ಹಿಂದಿನ ಸಂದು, ಕೊಳಾಯಿ ಇಳಿಬಿಟ್ಟ ಓಣಿ, ಬೀಗ ಹಾಕಿದ ಫ್ಲ್ಯಾಟಿನ ಬಾಲ್ಕನಿ ಎಲ್ಲವೂ ಗುಹೆಯೇ. ಬಂಡೆಯಲ್ಲಿ ಬೇಟೆಯಾಡುವ ಡೇಗೆ ಇಲ್ಲಿ ಅಪರೂಪ. ಧಾನ್ಯದ ಮಂಡಿ, ಕಸದ ತೊಟ್ಟಿ ಮತ್ತು ಕಾಳು ಎರಚುವ ಕೈಗಳು ಧಾರಾಳ.

ಇದರ ಜತೆಗೆ ಹಕ್ಕಿಯ ದೇಹದಲ್ಲೇ ಒಂದು ಅನುಕೂಲವಿದೆ. ಬಹುಪಾಲು ಹಕ್ಕಿಗಳು ಮರಿಗೆ ಹುಳ ಹುಪ್ಪಟೆ ಹುಡುಕಿ ತರಬೇಕು. ಪಾರಿವಾಳ ಹಾಗಲ್ಲ. ತಾಯಿ, ತಂದೆ ಎರಡರ ಕೊರಳ ಚೀಲದಲ್ಲೂ ಹಾಲಿನಂಥ ಪೌಷ್ಟಿಕ ದ್ರವ ಉತ್ಪತ್ತಿಯಾಗುತ್ತದೆ. ಮರಿಗೆ ಮೊದಲ ದಿನಗಳ ಊಟ ಅದೇ. ಕಾಳು ಸಿಕ್ಕರೆ ಸಾಕು, ಯಾವ ಋತುವಿನಲ್ಲೂ ಮರಿ ಮಾಡಬಹುದು. ಮೊಟ್ಟೆ ಒಡೆಯಲು ಎರಡೂವರೆ ವಾರ, ಮರಿ ಹಾರಲು ಒಂದು ತಿಂಗಳು ಸಾಕು. ಹೀಗೆ ವರ್ಷಕ್ಕೆ ಹಲವು ಬಾರಿ.

942 ಜಾತಿಯ ಹಕ್ಕಿಗಳನ್ನು ಅಧ್ಯಯನಕ್ಕೆ ತೆಗೆದುಕೊಂಡು 2023ರಲ್ಲಿ ಪ್ರಕಟವಾದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿಯಲ್ಲಿ ಅನೇಕ ಜಾತಿಗಳು ಇಳಿಮುಖವಾಗಿದ್ದರೆ, ಸಂಖ್ಯೆ ಹೆಚ್ಚಿಸಿಕೊಂಡ ಕೆಲವೇ ಹಕ್ಕಿಗಳ ಸಾಲಿನಲ್ಲಿ ಪಾರಿವಾಳವಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದರ ಸ್ಥಾನ ‘ಕಾಳಜಿ ಪಡಬೇಕಾಗಿಲ್ಲ’ ಎಂಬ ಗುಂಪಿನಲ್ಲಿ. 2022ರ ತಿದ್ದುಪಡಿಯಲ್ಲಿ ಹೊಸ ಪಟ್ಟಿಗಳು ಬರುವ ಮುನ್ನ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಅನುಸೂಚಿ ಪಾರಿವಾಳ ಕುಟುಂಬಕ್ಕೆಲ್ಲ ರಕ್ಷಣೆ ಕೊಟ್ಟು, ನೀಲಿ ಬಂಡೆ ಪಾರಿವಾಳವೊಂದನ್ನು ಮಾತ್ರ ಹೆಸರಿಸಿ ಹೊರಗಿಟ್ಟಿತ್ತು. ಇಷ್ಟೊಂದು ಇರುವ ಹಕ್ಕಿಗೆ ಕಾನೂನಿನ ಕಾವಲೇಕೆ ಎಂಬ ಭಾವನೆ ಸಹಜವೇ.

ಬೆರಕೆಯಲ್ಲಿ ಕರಗುವ ಕುಲ

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಕೆಂಪು ಪಟ್ಟಿ ಎಣಿಸುವುದು ಜಾತಿಯನ್ನು. ಊರಿನ ಪಾರಿವಾಳವೂ ಬಂಡೆಯ ಪಾರಿವಾಳವೂ ಒಂದೇ ಜಾತಿ. ಎರಡೂ ಸಲೀಸಾಗಿ ಕೂಡುತ್ತವೆ, ಮರಿ ಮಾಡುತ್ತವೆ. ಊರಿನ ಹಿಂಡು ಬೆಳೆದು ಬಂಡೆಗಳತ್ತ ಹರಡಿದಂತೆ ಕಾಡು ಹಿಂಡಿನೊಳಗೆ ಸಾಕು ರಕ್ತ ಸೇರುತ್ತದೆ. ಗುಂಡು ಹಾರುವುದಿಲ್ಲ, ಹೆಣ ಬೀಳುವುದಿಲ್ಲ. ಎಣಿಕೆಯಲ್ಲಿ ಹಕ್ಕಿಗಳು ಅಷ್ಟೇ ಇರುತ್ತವೆ ಅಥವಾ ಹೆಚ್ಚೇ ಇರುತ್ತವೆ. ಆದರೆ ಮೂಲ ಕುಲ ಮಾತ್ರ ಹಾಲಿಗೆ ನೀರು ಬೆರೆತಂತೆ ತೆಳುವಾಗುತ್ತಾ ಹೋಗುತ್ತದೆ.

ಇದು ಊಹೆಯಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ ಮತ್ತು ಐರ್ಲೆಂಡ್ ಕರಾವಳಿಯ ಬಂಡೆ ಪಾರಿವಾಳಗಳ ವಂಶವಾಹಿಗಳನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಗಳ ಪಾರಿವಾಳಗಳಲ್ಲಿ ಸಾಕು ಹಕ್ಕಿಯ ಬೆರಕೆ ಇಲ್ಲವೆನ್ನುವಷ್ಟು ಕಡಿಮೆ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಬೆರಕೆ ಗಣನೀಯವಾಗಿತ್ತು. ಒಂದು ಕಾಲಕ್ಕೆ ಬ್ರಿಟನ್ನಿನ ಕರಾವಳಿಯುದ್ದಕ್ಕೂ ಇದ್ದ ಕಾಡು ಕುಲ ಹೀಗೆ ದೂರದ ಕೆಲವು ದ್ವೀಪಗಳಿಗೆ ಸರಿದಿದೆ. ಸುತ್ತಮುತ್ತ ದೊಡ್ಡ ನಗರವಿಲ್ಲದ ಜಾಗಗಳಲ್ಲಿ ಮಾತ್ರ ಅದು ಶುದ್ಧವಾಗಿ ಉಳಿದಿರುವುದು ಗಮನಾರ್ಹ.

ನಮ್ಮ ನಾಡಿನಲ್ಲಿ ಬಂಡೆಗೂ ಊರಿಗೂ ಇರುವ ಅಂತರ ಇನ್ನೂ ಕಡಿಮೆ. ಕೋಟೆಯ ಕೆಳಗೇ ಊರು, ಗುಡ್ಡದ ಬುಡದಲ್ಲೇ ಮಾರುಕಟ್ಟೆ. ಪ್ರವಾಸಕ್ಕೆ ಹೋದವರು ಬಂಡೆಯ ಮೇಲಿನ ಹಿಂಡನ್ನು ಒಮ್ಮೆ ಗಮನಿಸಿ ನೋಡಬೇಕು. ಎಲ್ಲವೂ ಬೂದು ನೀಲಿಯಾಗಿದ್ದು, ರೆಕ್ಕೆಯಲ್ಲಿ ಎರಡೇ ಕಪ್ಪು ಪಟ್ಟಿ ಇದ್ದರೆ ಅದು ಹಳೆಯ ಕುಲಕ್ಕೆ ಹತ್ತಿರದ ಹಿಂಡು. ನಡುವೆ ಬಿಳಿ, ಕಂದು, ಮಚ್ಚೆಯ ಹಕ್ಕಿಗಳು ಕಂಡರೆ ಬೆರಕೆಯಾಗಿದೆ ಎಂದೇ ಅರ್ಥ. ಸಮಾರಂಭಗಳಲ್ಲಿ ಶಾಂತಿಯ ಸಂಕೇತವೆಂದು ಹಾರಿಬಿಡುವ ಬಿಳಿ ಪಾರಿವಾಳವೂ ಸಾಕು ತಳಿಯೇ. ಕಾಡಿನಲ್ಲಿ ಅಂಥ ಕುಲವಿಲ್ಲ.

ಸಂಖ್ಯೆ ಎಂಬ ಭರವಸೆ

ಹಕ್ಕಿ ಹೇರಳವಾಗಿದೆ, ಆದ್ದರಿಂದ ಕ್ಷೇಮವಾಗಿದೆ ಎಂಬ ನಂಬಿಕೆ ಹಿಂದೊಮ್ಮೆ ಭಾರಿ ಬೆಲೆ ತೆತ್ತಿದೆ. ಅದೂ ಪಾರಿವಾಳದ ಕುಟುಂಬದಲ್ಲೇ. ಉತ್ತರ ಅಮೆರಿಕದ ‘ಪ್ಯಾಸೆಂಜರ್ ಪಿಜನ್’ ಎಂಬ ಪಾರಿವಾಳ 19ನೇ ಶತಮಾನದ ಆರಂಭದಲ್ಲಿ 300ರಿಂದ 500 ಕೋಟಿ ಇದ್ದಿರಬೇಕೆಂಬ ಅಂದಾಜಿದೆ. ಹಿಂಡು ಹಾರಿದರೆ ಗಂಟೆಗಟ್ಟಲೆ ಸೂರ್ಯ ಮರೆಯಾಗುತ್ತಿದ್ದನಂತೆ. ರೈಲು ಬಂತು, ಮಾಂಸ ಪೇಟೆಗೆ ಸಾಗಿತು. ತಂತಿ ಬಂತು, ಹಿಂಡು ಎಲ್ಲಿಳಿದಿದೆ ಎಂಬ ಸುದ್ದಿ ಬೇಟೆಗಾರರಿಗೆ ಮುಟ್ಟಿತು. ಕಾಡೂ ಕಡಿದುಹೋಯಿತು. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ‘ಮಾರ್ಥಾ’ ಎಂಬ ಹೆಣ್ಣು ಹಕ್ಕಿ ಸತ್ತಾಗ ಆ ಜಾತಿಯೇ ಮುಗಿಯಿತು. ಮಾರಿಷಸ್‌ನ ಹಾರಲಾರದ ಡೋಡೋ ಕೂಡ ಪಾರಿವಾಳ ಕುಲದ್ದೇ. ಅದು ಕಣ್ಮರೆಯಾದದ್ದು 17ನೇ ಶತಮಾನದಲ್ಲಿ.

ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಗಮನ ಬೇಡುವ ಸೋದರ ಹಕ್ಕಿಯೊಂದಿದೆ. ಕೊಡಗು, ಬಿಳಿಗಿರಿರಂಗನ ಬೆಟ್ಟ ಮೊದಲಾದೆಡೆಯ ದಟ್ಟ ಕಾಡಿನಲ್ಲಿ ಹಣ್ಣು ತಿಂದು ಬಾಳುವ ನೀಲಗಿರಿ ಕಾಡು ಪಾರಿವಾಳ. ಕತ್ತಿನ ಹಿಂಭಾಗದಲ್ಲಿ ಚದುರಂಗದ ಹಾಸಿನಂತೆ ಕಪ್ಪು ಬಿಳುಪಿನ ಚೌಕಳಿ ಇದರ ಗುರುತು. ಘಟ್ಟ ಸಾಲು ಬಿಟ್ಟರೆ ಸುತ್ತಲಿನ ಕೆಲವು ಬೆಟ್ಟಗಳಲ್ಲಷ್ಟೇ ಸಿಗುವ ಈ ಹಕ್ಕಿ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಗುರಿಯಾಗಬಲ್ಲ’ ಗುಂಪಿನಲ್ಲಿದೆ. ಪಾರಿವಾಳ ಎಂಬ ಒಂದೇ ಮಾತಿನಲ್ಲಿ ಎಷ್ಟು ಬೇರೆ ಬೇರೆ ಪಾಡುಗಳು ಅಡಗಿವೆ ಎಂಬುದಕ್ಕೆ ಇದು ನಿದರ್ಶನ.

ಪುಣ್ಯದ ಕಾಳು

ಹಾಗಾದರೆ ಮಾಡಬೇಕಾದದ್ದೇನು? ಊರಿನ ಪಾರಿವಾಳದ ಸಮಸ್ಯೆಯನ್ನೂ ಬಂಡೆಯ ಪಾರಿವಾಳದ ರಕ್ಷಣೆಯನ್ನೂ ಬೇರೆ ಬೇರೆಯಾಗಿ ನೋಡಲಾಗದು. ಒಣಗಿದ ಹಿಕ್ಕೆಯ ಧೂಳನ್ನು ದಿನವೂ ಉಸಿರಾಡುವ ಕೆಲವರಿಗೆ ಶ್ವಾಸಕೋಶದ ಗಂಭೀರ ಅಲರ್ಜಿ ಕಾಯಿಲೆ ಬರುತ್ತದೆಂದು ವೈದ್ಯರು ಎಚ್ಚರಿಸಿದ್ದಾರೆ. ಹಿಕ್ಕೆಯಿಂದ ಹಳೆಯ ಕಟ್ಟಡಗಳ ಕಲ್ಲೂ ಕೆಡುತ್ತದೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 2003ರಲ್ಲಿ ಕಾಳು ಹಾಕುವುದನ್ನು ನಿಷೇಧಿಸಲಾಯಿತು. ಮುಂಬಯಿಯಲ್ಲಿ 2025ರ ಜುಲೈನಲ್ಲಿ ಕಬೂತರ್‌ಖಾನೆಗಳನ್ನು ಮುಚ್ಚಲು ಮುಂದಾದಾಗ ದಾದರ್‌ನಲ್ಲಿ ಪ್ರತಿಭಟನೆಯೇ ನಡೆಯಿತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಒಂದು ಕಡೆ ತಲೆಮಾರುಗಳ ಧರ್ಮಶ್ರದ್ಧೆ, ಇನ್ನೊಂದು ಕಡೆ ನೆರೆಹೊರೆಯವರ ಉಸಿರು. ಎರಡನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳಗಳನ್ನು ಕೊಂದರೂ ಒಟ್ಟು ಸಂಖ್ಯೆ ಸುಮಾರು 20 ಸಾವಿರದಿಂದ ಇಳಿಯಲೇ ಇಲ್ಲ. ಸತ್ತವುಗಳ ಜಾಗವನ್ನು ಹೊಸ ಮರಿಗಳು ತುಂಬಿದವು. 1988ರಲ್ಲಿ ನಗರ ಬೇರೆ ದಾರಿ ಹಿಡಿಯಿತು. ಕಾಳು ಹಾಕುವುದರಿಂದ ಹಕ್ಕಿಗಳು ಕಿಕ್ಕಿರಿದು, ರೋಗ ಹತ್ತಿ, ಮರಿಗಳು ನರಳುತ್ತವೆ ಎಂಬುದನ್ನು ಜನರಿಗೆ ಚಿತ್ರ, ಕರಪತ್ರಗಳ ಮೂಲಕ ಮನವರಿಕೆ ಮಾಡಿಕೊಟ್ಟಿತು. ಮೇಲ್ವಿಚಾರಣೆಯ ಗೂಡುಗಳನ್ನು ಕಟ್ಟಿ ಮೊಟ್ಟೆಗಳನ್ನು ತೆಗೆಯುವ ವ್ಯವಸ್ಥೆ ಮಾಡಿತು. ನಾಲ್ಕೇ ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು. ಹಕ್ಕಿಯನ್ನು ನಿಯಂತ್ರಿಸುವುದು ಬಂದೂಕವಲ್ಲ, ಅದಕ್ಕೆ ಸಿಗುವ ಕಾಳು ಎಂಬ ಪಾಠ ಬಾಸೆಲ್ ಕಲಿಸಿತು.

ಇದು ನಮಗೂ ಅನ್ವಯಿಸುತ್ತದೆ. ಮೂಟೆಗಟ್ಟಲೆ ಜೋಳ ಎರಚಿ ಸಾವಿರ ಹಕ್ಕಿ ಸೇರಿಸುವುದನ್ನು ನಿಲ್ಲಿಸಿದರೆ ಪಾರಿವಾಳದ ಕುಲವೇನೂ ಅಳಿಯುವುದಿಲ್ಲ. ಹೊಲದಲ್ಲಿ ಅದರ ಊಟ ಅದಕ್ಕೆ ಇದ್ದೇ ಇದೆ. ಬದಲಿಗೆ ಊರಿನ ಹಿಂಡು ಚಿಕ್ಕದಾಗುತ್ತದೆ, ಬಂಡೆಯ ಹಿಂಡಿನ ಮೇಲಿನ ಒತ್ತಡ ಸಡಿಲವಾಗುತ್ತದೆ. ಇದರ ಜತೆಗೆ ಬಂಡೆಗಳೂ ಉಳಿಯಬೇಕು. ಕಲ್ಲುಗಣಿಗಾರಿಕೆಗೆ ಗುಡ್ಡಗಳು ಕರಗುವಾಗ ನಾವು ಲೆಕ್ಕ ಹಾಕುವುದು ಜಲ್ಲಿಯನ್ನು. ಆ ಗುಡ್ಡದ ಬಿರುಕಿನಲ್ಲಿ ಮನೆ ಮಾಡಿದ್ದ ಹಕ್ಕಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಪಕ್ಷಿ ವೀಕ್ಷಕರು, ಕಾಲೇಜು ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಬಂಡೆ, ಕೋಟೆ, ಹಳೆಯ ಬಾವಿಗಳಲ್ಲಿರುವ ಹಿಂಡುಗಳನ್ನು ಬಣ್ಣ ಸಹಿತ ಎಣಿಸಿ ಬರೆದಿಟ್ಟರೂ ಅದೊಂದು ದೊಡ್ಡ ಕೆಲಸವಾದೀತು.

ಶಿಬಿಯ ತೊಡೆಯ ಮೇಲೆ ಬಂದು ಬಿದ್ದ ಪಾರಿವಾಳ ಅವನಲ್ಲಿ ಕೇಳಿದ್ದು ಕಾಳನ್ನಲ್ಲ, ಅಭಯವನ್ನು. ಊರಿನ ಪಾರಿವಾಳಕ್ಕೆ ಇಂದು ಎರಡೂ ಬೇಕಾದಷ್ಟಿದೆ. ಅಭಯ ಬೇಕಾಗಿರುವುದು ಬಂಡೆಯ ಮೇಲೆ ಉಳಿದಿರುವ ಅದರ ಮೂಲ ಕುಲಕ್ಕೆ.